ಹಂದಿಗೂ ಆಗಬೇಕು, 600 ಗಜದ ಕಾಗದಕ್ಕೂ ಆಗಬೇಕು: .223 ಸಾಕೇ, ನಳಿಗೆ ಬದಲಿಸಲೇ?

ಮಲ್ಲಂದೂರಿನವ:

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ಕಡೆಯವನು. ಹದಿನಾಲ್ಕು ವರ್ಷದಿಂದ ಟೆಕ್ಸಾಸ್‌ನ ರೌಂಡ್ ರಾಕ್‌ನಲ್ಲಿ ಇದ್ದೇನೆ. ಗ್ರೀನ್ ಕಾರ್ಡ್ ಕೈಗೆ ಬಂದ ವರ್ಷವೇ ಒಂದು ಎಆರ್-15 ಮಾದರಿಯ ರೈಫಲ್ ಕೊಂಡೆ. 16 ಇಂಚಿನ ನಳಿಗೆ, 5.56 ಚೇಂಬರ್ (ತೋಟಾ ಕೂರುವ ಗೂಡು; ಸೈನ್ಯದ 5.56 ತೋಟಾ, ಅದೇ ಅಳತೆಯ .223 ತೋಟಾ ಎರಡೂ ಇದರಲ್ಲಿ ನಡೆಯುತ್ತವೆ), 1:9 ಸುರುಳಿ (ನಳಿಗೆಯೊಳಗಿನ ಗೀರು ಒಂಬತ್ತು ಇಂಚಿಗೆ ಒಂದು ಸುತ್ತು). ಎರಡು ವರ್ಷ ರೇಂಜಿನಲ್ಲಿ 100 ಗಜಕ್ಕೆ ಹೊಡೆದಿದ್ದೇನೆ, ಅಷ್ಟೇ. ಬೇಟೆ ಆಡಿಲ್ಲ.

ಈಗ ವಿಷಯ ಬದಲಾಗಿದೆ. ಸಹೋದ್ಯೋಗಿಯ ಮಾವನಿಗೆ ಲ್ಯಾನೊ ಹತ್ತಿರ ಜಮೀನಿದೆ. ಹೋದ ತಿಂಗಳು ಅಲ್ಲಿ ಒಂದು ರಾತ್ರಿ ಉಳಿದಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಓಟ್ಸ್ ಬಿತ್ತಿದ ಹೊಲ ನಮ್ಮೂರಿನ ಗದ್ದೆಯ ಹಾಗೆಯೇ ಆಗಿತ್ತು: ಹಂದಿ ಮೂತಿ ಹಾಕಿ ಉತ್ತುಬಿಟ್ಟಿದೆ, ಸಾಲು ಯಾವುದು ಬದು ಯಾವುದು ಗೊತ್ತಾಗುವುದಿಲ್ಲ. ಮುದುಕರು ಹೊಲದ ಬದಿಯಲ್ಲಿ ನಿಂತು ಬೈದ ಧಾಟಿಯಲ್ಲಿ ನನ್ನ ಅಪ್ಪನ ದನಿ ಕೇಳಿಸಿತು, ಭಾಷೆ ಮಾತ್ರ ಬೇರೆ. "ಎಷ್ಟು ಬೇಕಾದರೂ ಹೊಡೆದುಕೋ" ಎಂದು ಅಪ್ಪಣೆ ಕೊಟ್ಟಿದ್ದಾರೆ. ನವೆಂಬರಿನಲ್ಲಿ ಜಿಂಕೆಯ ಋತು ಶುರುವಾದಾಗಲೂ ಬಾ ಎಂದಿದ್ದಾರೆ.

ಇದರ ಜೊತೆಗೆ ನಮ್ಮ ರೇಂಜಿನಲ್ಲಿ 200, 300, 600 ಗಜದ ಪಂದ್ಯ ನಡೆಯುತ್ತದೆ. ಅದಕ್ಕೂ ನಿಲ್ಲುವ ಆಸೆ.

ಊರಿನ ಕೋವಿ ಕೆಲಸದವರ ಹತ್ತಿರ ಹೋಗಿ, ಕೆಳಗಿನ ಭಾಗ ಹಾಗೆಯೇ ಇಟ್ಟುಕೊಂಡು ಮೇಲಿನ ಭಾಗ ಒಂದನ್ನು ನನಗೆಂದೇ ಜೋಡಿಸಿಕೊಡಿ ಎಂದು ಕೇಳಿದೆ. ಅವರು ನಾಲ್ಕು ಬಗೆಯ ತೋಟಾ-ಚೇಂಬರಿನ ಹೆಸರು ಬರೆದು ಚೀಟಿ ಕೊಟ್ಟರು: .223 ವೈಲ್ಡ್, .224 ವಾಲ್ಕಿರಿ, 6 ಎಂಎಂ ಎಆರ್‌ಸಿ, 6.5 ಗ್ರೆಂಡೆಲ್. ಚೀಟಿ ಒಂದು ವಾರದಿಂದ ಫ್ರಿಜ್ಜಿನ ಬಾಗಿಲಲ್ಲಿದೆ. ಮನೆಯಲ್ಲಿ ಒಂದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿದೆ, ಎರಡನೆಯ ಮಾತು ಎತ್ತುವಂತಿಲ್ಲ.

ನನ್ನ ಅಳುಕು ಏನೆಂದರೆ, .223 ತೋಟಾ ನೋಡಲು ತೀರಾ ಸಣ್ಣದು. ಅಪ್ಪನಿಗೆ ಮೊಬೈಲಿನಲ್ಲಿ ಚಿತ್ರ ಕಳಿಸಿದೆ. ಕೇಪಿನ ಕೋವಿಗೆ ಮದ್ದು ಜಡಿದು, ಆಮೇಲೆ ಹನ್ನೆರಡು ಬೋರಿನ ತೋಟಾ ಕೋವಿ ಹಿಡಿದು ಗದ್ದೆ ಕಾಯುತ್ತಿದ್ದ ಮನುಷ್ಯ. "ಇದು ಪೆನ್ಸಿಲ್ಲಿನ ಮೊನೆಯಷ್ಟಿದೆ. ಇದರಲ್ಲಿ ಹಂದಿ ಸಾಯುತ್ತದೆಯೋ, ಸಿಟ್ಟಾಗುತ್ತದೆಯೋ?" ಎಂದು ಕೇಳಿದರು. ಉತ್ತರ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ.

ಪೆನ್ಸಿಲ್ವೇನಿಯದ ಪಾಪಣ್ಣ:

ಟೆಕ್ಸಾಸಿನಲ್ಲಿ ಇದ್ದೀರಿ, ಪುಣ್ಯವಂತರು. ನಮ್ಮಲ್ಲಿ ಸೆಮಿ ಆಟೊಮ್ಯಾಟಿಕ್ ರೈಫಲ್ (ನಿಮ್ಮದರ ಹಾಗೆ, ಒಂದು ಹೊಡೆದ ಮೇಲೆ ಮುಂದಿನ ತೋಟಾ ತಾನೇ ತುಂಬಿಕೊಳ್ಳುವುದು) ಹಿಡಿದು ಜಿಂಕೆಗೆ ಹೋಗುವಂತೆಯೇ ಇಲ್ಲ. 2017ರಲ್ಲಿ ಸಣ್ಣ ಪ್ರಾಣಿಗಳಿಗೆ, ತುಪ್ಪಳದ ಪ್ರಾಣಿಗಳಿಗೆ ಬಾಗಿಲು ತೆರೆದರು. ದೊಡ್ಡದಕ್ಕೆ ಇಂದಿಗೂ ಇಲ್ಲ. ಕೊಲೊರಾಡೊದಲ್ಲಿ ಇರುವ ನನ್ನ ತಮ್ಮನಿಗೆ ಸೆಮಿ ಆಟೊ ಹಿಡಿಯಬಹುದು, ಆದರೆ ಜಿಂಕೆಗೆ .24 ಕ್ಯಾಲಿಬರಿಗಿಂತ ಸಣ್ಣದು ಕೂಡದು, ತೋಟಾ ಒಟ್ಟು ಆರಕ್ಕಿಂತ ಹೆಚ್ಚು ಇರಕೂಡದು. ಅಂದರೆ ನಿಮ್ಮ ಚೀಟಿಯ ಮೊದಲ ಎರಡು ಅಲ್ಲಿ ನಡೆಯುವುದೇ ಇಲ್ಲ. ಮುಂದೆ ಬೇರೆ ರಾಜ್ಯಕ್ಕೆ ಬೇಟೆಗೆ ಹೋಗುವ ಯೋಚನೆ ಇದ್ದರೆ ಮೊದಲು ಆ ರಾಜ್ಯದ ಪುಸ್ತಕ ಓದಿ, ಆಮೇಲೆ ನಳಿಗೆ ಕೊಳ್ಳಿ.

ಹಳೇ ಲೇತ್:

ಮಲ್ಲಂದೂರಿನವರೇ, ಪಾಪಣ್ಣನವರ ಮಾತು ಸರಿ, ಆದರೆ ನಿಮ್ಮ ರಾಜ್ಯದಲ್ಲಿ ಆ ತೊಡಕಿಲ್ಲ. ಟೆಕ್ಸಾಸಿನಲ್ಲಿ ಜಿಂಕೆಗೆ ರಿಮ್‌ಫೈರ್ (ಬುಡದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ತೋಟಾ) ಕೂಡದು, ಸೆಂಟರ್‌ಫೈರ್ (ಬುಡದ ನಡುವಿಗೆ ಪೆಟ್ಟು ಬೀಳುವುದು, ನಿಮ್ಮ .223ರ ಹಾಗೆ) ಯಾವುದಾದರೂ ಆಗುತ್ತದೆ. ಹಂದಿಗಂತೂ, ಖಾಸಗಿ ಜಮೀನಿನಲ್ಲಿ ಒಡೆಯನ ಒಪ್ಪಿಗೆ ಇದ್ದರೆ, 2019ರ ಸೆಪ್ಟೆಂಬರಿನಿಂದ ಬೇಟೆ ಪರವಾನಗಿಯೇ ಬೇಡ. ಜಿಂಕೆಗೆ ಬೇಕು. 1971ರ ಸೆಪ್ಟೆಂಬರ್ 2 ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ತರಗತಿ ಮುಗಿಸಿರಬೇಕು. ಅದನ್ನು ಅಕ್ಟೋಬರಿನ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ಇನ್ನೊಂದು: ಜಾವೆಲಿನಾ ಎಂಬ ಪ್ರಾಣಿ ಕತ್ತಲಲ್ಲಿ ಹಂದಿಮರಿಯಂತೆ ಕಾಣುತ್ತದೆ. ಅದು ಹಂದಿಯಲ್ಲ. ಅದಕ್ಕೆ ಪರವಾನಗಿ, ಋತು, ಲೆಕ್ಕ ಎಲ್ಲ ಇದೆ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಟೂಲ್‌ರೂಮಿನಲ್ಲಿ ಕೈ ಕಪ್ಪು ಮಾಡಿಕೊಂಡವನು. ಇಲ್ಲಿಗೆ ಬಂದ ಮೇಲೂ ಮೂವತ್ತು ವರ್ಷ ಲೇತ್ ಮುಂದೆಯೇ ನಿಂತೆ. ಹಾಗಾಗಿ ತೋಟಾದ ಹೆಸರು ಕೇಳಿದರೆ ನನ್ನ ಕಣ್ಣು ಮೊದಲು ಹೋಗುವುದು ಅದರ ಬುಡದ ವ್ಯಾಸಕ್ಕೆ.

.223 ತೋಟಾದ ಬುಡ 0.378 ಇಂಚು. ನಿಮ್ಮ ರೈಫಲ್ಲಿನ ಬೋಲ್ಟ್, ಅಂದರೆ ತೋಟಾದ ಬುಡ ಹಿಡಿದು ಚೇಂಬರನ್ನು ಮುಚ್ಚುವ ಉಕ್ಕಿನ ತುಂಡು, ಹುಟ್ಟಿದ್ದೇ ಆ ಬುಡಕ್ಕಾಗಿ. ಗ್ರೆಂಡೆಲ್, ಎಆರ್‌ಸಿ ಎರಡರ ಬುಡವೂ 0.44 ಇಂಚಿನ ಆಸುಪಾಸು. ಎಆರ್‌ಸಿ ಬಂದದ್ದೇ ಗ್ರೆಂಡೆಲ್ ತೋಟಾದ ಕತ್ತನ್ನು ಕಿರಿದು ಮಾಡಿ, 2020ರಲ್ಲಿ. ಬೋಲ್ಟಿನ ಹೊರ ಅಳತೆ ಬದಲಾಗುವುದಿಲ್ಲ, ಒಳಗಿನ ಗುಂಡಿಯನ್ನು ಮಾತ್ರ ಅಗಲ ಮಾಡಬೇಕು. ಅಂದರೆ ಸುತ್ತಲಿನ ಗೋಡೆ ತೆಳುವಾಯಿತು. ಅದಕ್ಕೇ .223ಕ್ಕೆ 55,000 ಪಿಎಸ್‌ಐ ಒತ್ತಡದ ಮಿತಿ ಇದ್ದರೆ ಗ್ರೆಂಡೆಲ್‌ಗೆ 52,000. ಒಳ್ಳೆಯ ಉಕ್ಕಿನ ಬೋಲ್ಟ್ ಹಾಕಿಸಿ, ಕಾರ್ಖಾನೆಯ ತೋಟಾವನ್ನೇ ಹೊಡೆದರೆ ವರ್ಷಗಟ್ಟಲೆ ಬರುತ್ತದೆ, ಹೆದರಬೇಕಿಲ್ಲ. ಆದರೆ ಅದು ಕೆಲಸಕ್ಕೆಂದು ಹುಟ್ಟಿದ ಬೋಲ್ಟ್ ಅಲ್ಲ, ಕೆಲಸಕ್ಕೆ ಹೊಂದಿಸಿಕೊಂಡ ಬೋಲ್ಟ್. ನಳಿಗೆ ಕೊಂಡವರಿಂದಲೇ ಬೋಲ್ಟನ್ನೂ ಕೊಳ್ಳಿ. ಗ್ರೆಂಡೆಲ್ ಬೋಲ್ಟಿನ ಗುಂಡಿಯ ಆಳದಲ್ಲಿ ಎರಡು ಬಗೆ ಇದೆ, 0.125 ಮತ್ತು 0.136 ಇಂಚು. ಒಂದರ ನಳಿಗೆಗೆ ಇನ್ನೊಂದರ ಬೋಲ್ಟ್ ಹಾಕಿದರೆ ತೋಟಾ ಚೇಂಬರಿನಲ್ಲಿ ಸಡಿಲವಾಗಿ ಕೂರುತ್ತದೆ, ಇಲ್ಲವೇ ಬೋಲ್ಟ್ ಮುಚ್ಚುವುದೇ ಇಲ್ಲ. ಹತ್ತು ಸಾವಿರದ ಒಂದಂಶ ಇಂಚಿಗಾಗಿ ಜೀವನವಿಡೀ ಜಗಳವಾಡಿದವನು ನಾನು. ಸಾವಿರದ ಹನ್ನೊಂದು ಅಂಶ ಎಂದರೆ ನನ್ನ ಲೆಕ್ಕದಲ್ಲಿ ಬಾವಿ.

ಇನ್ನು ಉದ್ದ. ಮ್ಯಾಗಜೀನಿಗೆ ಹಿಡಿಸುವುದು 2.26 ಇಂಚು, ಅಂದರೆ 57 ಮಿಲಿಮೀಟರ್. ಈ ರೈಫಲ್ಲಿಗೆಂದು ಯಾರು ಯಾವ ಹೊಸ ತೋಟಾ ತಂದರೂ ಈ ಪೆಟ್ಟಿಗೆಯೊಳಗೇ ಸಂಸಾರ ಮಾಡಬೇಕು. ಗುಂಡು ಉದ್ದ ಮಾಡಿದರೆ ಮದ್ದಿನ ಜಾಗ ಕಡಿಮೆ, ಮದ್ದು ಹೆಚ್ಚಿಸಿದರೆ ಗುಂಡು ಗಿಡ್ಡ. ಗ್ರೆಂಡೆಲ್ ತಂದವರು ಜಾಣತನ ಮಾಡಿದ್ದು ಇಲ್ಲಿಯೇ: ಹಿತ್ತಾಳೆಯ ತೋಟಾವನ್ನು ಗಿಡ್ಡಗೆ, ದಪ್ಪಗೆ ಮಾಡಿ ಉದ್ದದ ಗುಂಡಿಗೆ ಜಾಗ ಬಿಟ್ಟರು.

ಈಗ ನಿಮ್ಮ .223. ಇದರ ತಾಯಿಬೇರು .222 ರೆಮಿಂಗ್ಟನ್, 1950ರಲ್ಲಿ ಬಂದದ್ದು. ಕಾಗದಕ್ಕೆ ಗುರಿಯಿಟ್ಟು ಹೊಡೆಯುವವರು ವರ್ಷಗಟ್ಟಲೆ ಅದನ್ನೇ ಪೂಜಿಸಿದರು. ಹಾಗಾಗಿ "ಸಣ್ಣದು, ಗುರಿ ಸರಿಯಿಲ್ಲ" ಎಂಬ ಮಾತು ಈ ಮನೆತನಕ್ಕೆ ಅನ್ವಯಿಸುವುದಿಲ್ಲ. ಗುರಿ ಕೆಡಿಸುವುದು ಸುರುಳಿ. ಚಿಕ್ಕಂದಿನಲ್ಲಿ ಬುಗುರಿ ಆಡಿದ್ದೀರಲ್ಲ? ಗಿಡ್ಡ ಬುಗುರಿ ಮೆಲ್ಲಗೆ ತಿರುಗಿದರೂ ನಿಲ್ಲುತ್ತದೆ, ಉದ್ದದ ಬುಗುರಿಗೆ ಚಾಟಿ ಜೋರಾಗಿ ಎಳೆಯಬೇಕು. 55 ಗ್ರೇನ್ (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ) ಗುಂಡು ಗಿಡ್ಡ, 1:12ರಲ್ಲೂ ನಿಲ್ಲುತ್ತದೆ. 77 ಗ್ರೇನ್ ಉದ್ದ, ಅದಕ್ಕೆ 1:8 ಬೇಕು, ಅಂದರೆ ಎಂಟು ಇಂಚಿಗೆ ಒಂದು ಸುತ್ತು. ನಿಮ್ಮ 1:9 ನಳಿಗೆ 69 ಗ್ರೇನ್ ತನಕ ಗೌರವವಾಗಿ ನಡೆದುಕೊಳ್ಳುತ್ತದೆ. ಅದರಾಚೆ ಅದೃಷ್ಟ. ಕಾಗದದಲ್ಲಿ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು ಕಂಡರೆ ಗುಂಡು ಅಡ್ಡಡ್ಡ ಹೋಯಿತು ಎಂದು ತಿಳಿಯಿರಿ.

ವೈಲ್ಡ್ ಎಂದರೆ ಕಾಡು ಎಂದು ತಿಳಿಯಬೇಡಿ, ಅದು ಮನುಷ್ಯನ ಹೆಸರು. ಬಿಲ್ ವೈಲ್ಡ್ ಎಂಬುವರು ಪಂದ್ಯದವರಿಗಾಗಿ ಚೇಂಬರಿನ ಅಳತೆ ತಿದ್ದಿದರು. .223ರ ಚೇಂಬರಿನಲ್ಲಿ ಸೈನ್ಯದ 5.56 ತೋಟಾ ಹಾಕಿದರೆ ಒತ್ತಡ ಮಿತಿ ಮೀರಬಹುದು. 5.56ರ ಚೇಂಬರಿನಲ್ಲಿ ಗುಂಡು ಸುರುಳಿಯ ಹಲ್ಲಿಗೆ ಸಿಗುವ ಮುಂಚೆ ಸಡಿಲವಾಗಿ ಸ್ವಲ್ಪ ದೂರ ಹಾರಬೇಕು. ವೈಲ್ಡ್ ಎರಡನ್ನೂ ನುಂಗುತ್ತದೆ, ಗುರಿಯನ್ನೂ ಉಳಿಸಿಕೊಳ್ಳುತ್ತದೆ.

ನನ್ನ ಮಾತು: .223 ವೈಲ್ಡ್, 20 ಇಂಚು, 1:8, ಸ್ಟೇನ್‌ಲೆಸ್. ನಿಮ್ಮ ಬೋಲ್ಟ್, ನಿಮ್ಮ ಮ್ಯಾಗಜೀನ್ ಎಲ್ಲ ಹಾಗೆಯೇ ನಡೆಯುತ್ತದೆ. ಉಳಿದ ಹಣದಲ್ಲಿ ತೋಟಾ ಕೊಳ್ಳಿ. ಅಂಗಡಿಯಲ್ಲಿ .223 ಸಿಗದ ದಿನವೆಂದರೆ ಬೇರೆ ಯಾವುದೂ ಸಿಗದ ದಿನ. ವಾಲ್ಕಿರಿ 2018ರ ಸುಮಾರಿಗೆ ಮೆರವಣಿಗೆಯಲ್ಲಿ ಬಂತು, ನಮ್ಮೂರಿನ ಅಂಗಡಿಯಲ್ಲಿ ಈಗ ಅದರ ಪೆಟ್ಟಿಗೆಯ ಮೇಲೆ ಧೂಳಿದೆ.

ಹಂದಿಯ ವಿಷಯದಲ್ಲಿ ನಿಮ್ಮ ತಂದೆಯವರ ಪ್ರಶ್ನೆ ಪೆದ್ದು ಪ್ರಶ್ನೆಯಲ್ಲ. 2009ರಲ್ಲಿ ಸ್ಯಾನ್ ಸಾಬಾ ಹತ್ತಿರ ನಾನು ಅದಕ್ಕೆ ಬೆಲೆ ತೆತ್ತಿದ್ದೇನೆ. ಕೊಯೋಟೆಗೆಂದು ಇಟ್ಟುಕೊಂಡಿದ್ದ 50 ಗ್ರೇನಿನ ತೆಳು ಕವಚದ ಗುಂಡು ಮ್ಯಾಗಜೀನಿನಲ್ಲಿತ್ತು. ಬದಲಿಸಲು ಸೋಮಾರಿತನ. ಎಂಬತ್ತು ಗಜದಲ್ಲಿ ದೊಡ್ಡ ಗಂಡು, ಅಡ್ಡ ನಿಂತಿತ್ತು, ಹೆಗಲಿಗೆ ಸರಿಯಾಗಿ ಇಟ್ಟೆ. ಬಿತ್ತು, ಎದ್ದಿತು, ಹೋಯಿತು. ರಾತ್ರಿ ಎರಡರ ತನಕ ಬ್ಯಾಟರಿ ಹಿಡಿದು ಪಾಪಾಸುಕಳ್ಳಿಯ ನಡುವೆ ನೆತ್ತರ ಹನಿ ಹುಡುಕಿದೆ. ಹನಿ ನಿಂತಿತು. ಮರುದಿನ ಮಧ್ಯಾಹ್ನ ಹದ್ದುಗಳು ತೋರಿಸಿಕೊಟ್ಟವು. ಹೆಗಲು ಬಿಡಿಸಿ ನೋಡಿದೆ. ಗಂಡು ಹಂದಿಯ ಹೆಗಲಿನ ಮೇಲೆ ಚರ್ಮದಡಿ ಒಂದು ಗಟ್ಟಿ ಪದರ ಇರುತ್ತದೆ, ಹಳೆಯ ಟೈರಿನ ರಬ್ಬರಿನಂಥದ್ದು. ನನ್ನ ಗುಂಡು ಅದರಲ್ಲೇ ಒಡೆದು ಚೂರಾಗಿ, ಅಂಗೈಯಗಲ ಗಾಯ ಮಾಡಿ, ಎಲುಬಿಗೆ ಹೋಗಿ ನಿಂತಿತ್ತು. ಶ್ವಾಸಕೋಶಕ್ಕೆ ತಲುಪಿದ್ದು ಒಂದು ಚೂರು. ಆ ಪ್ರಾಣಿ ಎಷ್ಟು ಹೊತ್ತು ನರಳಿತು ಎಂದು ನೆನೆದರೆ ಈಗಲೂ ಊಟ ರುಚಿಸುವುದಿಲ್ಲ.

ತೋಟಾ ಸಣ್ಣದಾದದ್ದು ತಪ್ಪಲ್ಲ, ಗುಂಡು ತಪ್ಪು. ಅದೇ .223ರಲ್ಲಿ 55 ಗ್ರೇನಿನ ಪೂರ್ತಿ ತಾಮ್ರದ ಗುಂಡನ್ನೋ, ಸೀಸವನ್ನು ಕವಚಕ್ಕೆ ಬೆಸೆದ 62 ಗ್ರೇನಿನ ಗುಂಡನ್ನೋ ಹಾಕಿದ್ದರೆ ಎಲುಬು ದಾಟಿ ಹೋಗುತ್ತಿತ್ತು. ಆಮೇಲೆ ಹೋಗಿರುವುದನ್ನು ಕಂಡಿದ್ದೇನೆ. ಹಂದಿಗೆ 150 ಗಜ ದಾಟಬೇಡಿ. ಹೃದಯ ನೀವು ಎಣಿಸಿದ್ದಕ್ಕಿಂತ ಮುಂದೆ, ಕೆಳಗೆ, ಮುಂಗಾಲುಗಳ ನಡುವೆ ಇದೆ. ಜಿಂಕೆಯ ಹಾಗೆ ಹೆಗಲಿನ ಹಿಂದೆ ಹೊಡೆದರೆ ಹೊಟ್ಟೆಗೆ ಬೀಳುತ್ತದೆ.

ದನದ ಡಾಕ್ಟರ್:

ಹಳೇ ಲೇತ್ ಅವರಿಗೆ ನಮಸ್ಕಾರ. ಬೋಲ್ಟಿನ ಪಾಠ ಚೆನ್ನಾಗಿದೆ, ತೀರ್ಪು ಮಾತ್ರ ಒಪ್ಪಲಾರೆ. ನಾನು ಒಕ್ಲಹೋಮದ ದಕ್ಷಿಣದಲ್ಲಿ ಪಶುವೈದ್ಯ, ನನ್ನ ಹತ್ತಿರ ಗ್ರೆಂಡೆಲ್ ಇದೆ.

ನಮ್ಮವರಿಗೆ ಅರ್ಥವಾಗುವ ತೂಕದಲ್ಲಿ ಹೇಳುತ್ತೇನೆ. 123 ಗ್ರೇನ್ ಎಂದರೆ ಎಂಟು ಗ್ರಾಂ, ಸರಿಯಾಗಿ ಒಂದು ಪವನ್. 55 ಗ್ರೇನ್ ಎಂದರೆ ಅರ್ಧ ಪವನ್ ಕೂಡ ಇಲ್ಲ. ಪುಸ್ತಕದ ಲೆಕ್ಕದಲ್ಲಿ ಅರ್ಧ ಪವನಿನದು ಸೆಕೆಂಡಿಗೆ 3,240 ಅಡಿ ವೇಗದಲ್ಲಿ ಹೊರಟು ಸುಮಾರು 1,280 ಅಡಿ-ಪೌಂಡ್ ಶಕ್ತಿ ಹೊತ್ತೊಯ್ಯುತ್ತದೆ. ಒಂದು ಪವನಿನದು 2,580 ಅಡಿಯಲ್ಲಿ ಹೊರಟು 1,800 ದಾಟುತ್ತದೆ. ಇದು 24 ಇಂಚಿನ ನಳಿಗೆಯ ಮಾತು, 18 ಇಂಚಿನಲ್ಲಿ ಇನ್ನೂ ಕಡಿಮೆ. ಆದರೆ ಅಂತರ ಅಂತರವೇ. ವೇಗದ ಹಗುರ ಗುಂಡು ಎಲ್ಲವೂ ಸರಿಯಿದ್ದಾಗ ಕೆಲಸ ಮಾಡುತ್ತದೆ. ಹಂದಿ ಓರೆಯಾಗಿ ನಿಂತಾಗ, ನಡುವೆ ಒಂದು ಎಲುಬು ಸಿಕ್ಕಾಗ, ನಿಮ್ಮ ಕೈ ನಡುಗಿದಾಗ ತೂಕ ನೆರವಿಗೆ ಬರುತ್ತದೆ. ಮೊದಲ ಹಂದಿಯ ಮುಂದೆ ಕೈ ನಡುಗದವರು ಯಾರು?

ಇನ್ನೊಂದು ಮಾತು, ತೋಟಾಕ್ಕೆ ಸಂಬಂಧವಿಲ್ಲ. ಹಂದಿ ಕೊಯ್ಯುವಾಗ ರಬ್ಬರ್ ಕೈಗವಸು ಹಾಕಿಕೊಳ್ಳಿ. ಕಾಡುಹಂದಿಯಿಂದ ಬ್ರುಸೆಲ್ಲೋಸಿಸ್ ಮನುಷ್ಯರಿಗೆ ಹತ್ತುತ್ತದೆ. ಬೆರಳಲ್ಲಿ ಸಣ್ಣ ಗೀರಿದ್ದರೆ ಸಾಕು. ಮಾಂಸವನ್ನು ಪೂರ್ತಿ ಬೇಯಿಸಿ.

ಹಳೇ ಲೇತ್:

ಡಾಕ್ಟರೇ, ಪವನಿನ ಲೆಕ್ಕ ನನ್ನ ಹೆಂಡತಿಗೆ ಓದಿ ಹೇಳಿದೆ. "ಹಾಗಾದರೆ ಇಷ್ಟು ವರ್ಷ ಮಣ್ಣಿಗೆ ಹೊಡೆದದ್ದನ್ನೆಲ್ಲ ಚಿನ್ನದಲ್ಲಿ ಲೆಕ್ಕ ಹಾಕಲೇ?" ಎಂದು ಕೇಳಿದಳು. ಬಹಳ ಉಪಕಾರವಾಯಿತು.

ಹಂದಿ ಒಂದೇ ಆಗಿದ್ದರೆ ನಿಮ್ಮ ಮಾತಿಗೆ ತಲೆಬಾಗುತ್ತಿದ್ದೆ. ಆದರೆ ಇವರಿಗೆ ಪಂದ್ಯವೂ ಬೇಕು. ಒಂದು ಋತುವಿನಲ್ಲಿ ಅಭ್ಯಾಸಕ್ಕೇ ಸಾವಿರ, ಎರಡು ಸಾವಿರ ತೋಟಾ ಹೋಗುತ್ತದೆ. ರಷ್ಯದಿಂದ ಬರುತ್ತಿದ್ದ ಕಬ್ಬಿಣದ ತೋಟಾ ಇದ್ದಷ್ಟು ದಿನ ಗ್ರೆಂಡೆಲ್ ಬಡವರ ಮನೆಗೂ ಬಂತು. 2021ರ ಸೆಪ್ಟೆಂಬರಿನಿಂದ ಅದರ ಆಮದಿಗೆ ಹೊಸ ಪರವಾನಗಿ ನಿಂತಿತು. ಈಗ ಗ್ರೆಂಡೆಲ್ ಇಟ್ಟುಕೊಂಡವರು ವಾರಕ್ಕೆ ಇಪ್ಪತ್ತು ಹೊಡೆದು ಕೋವಿ ಒರೆಸಿಡುತ್ತಾರೆ. ಕೈ ನಡುಗುತ್ತದೆ ಎಂದಿರಿ. ನಡುಕ ಹೋಗುವುದು ತೋಟಾ ಹೊಡೆದು, ತೂಕ ಏರಿಸಿ ಅಲ್ಲ.

ಮಲ್ಲಂದೂರಿನವ:

ಇಬ್ಬರಿಗೂ ಕೈ ಮುಗಿದೆ. ಒಂದು ಸಣ್ಣ ಪ್ರಶ್ನೆ. ಸಹೋದ್ಯೋಗಿ ತನ್ನ .300 ಬ್ಲ್ಯಾಕ್‌ಔಟ್ ಎಂಬ ತೋಟಾದ ಮೇಲಿನ ಭಾಗವನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾನೆ. "ಅದೇ ಬೋಲ್ಟ್, ಅದೇ ಮ್ಯಾಗಜೀನ್, ದಪ್ಪ ಗುಂಡು" ಎಂದು ಆಸೆ ಹುಟ್ಟಿಸುತ್ತಿದ್ದಾನೆ. ಎರಡನ್ನೂ ಇಟ್ಟುಕೊಂಡರೆ?

ಹಳೇ ಲೇತ್:

ಅದೇ ಬೋಲ್ಟ್, ಅದೇ ಮ್ಯಾಗಜೀನ್ ಎಂಬುದೇ ಅದರ ಅಪಾಯ. ಕೆಲವು .300 ಬ್ಲ್ಯಾಕ್‌ಔಟ್ ತೋಟಾಗಳು .223ರ ಚೇಂಬರಿನೊಳಗೆ ನುಗ್ಗಿ ಕೂರುತ್ತವೆ, ಬೋಲ್ಟ್ ಕೂಡ ಮುಚ್ಚಿಬಿಡುತ್ತದೆ. ಟ್ರಿಗರ್ ಎಳೆದರೆ 0.308 ಇಂಚಿನ ಗುಂಡು 0.224 ಇಂಚಿನ ಕೊಳವೆಯಲ್ಲಿ ಹೋಗಬೇಕು. ಹೋಗುವುದಿಲ್ಲ. ರೈಫಲ್ ಬಿರಿಯುತ್ತದೆ, ನಿಮ್ಮ ಮುಖ ಅದರಿಂದ ಮೂರು ಇಂಚು ದೂರದಲ್ಲಿರುತ್ತದೆ. ಒಂದೇ ಮನೆಯಲ್ಲಿ ಎರಡೂ ಇಟ್ಟುಕೊಂಡವರು ಮ್ಯಾಗಜೀನಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಸುತ್ತುತ್ತಾರೆ, ಒಂದೇ ದಿನ ಎರಡನ್ನೂ ರೇಂಜಿಗೆ ಒಯ್ಯುವುದಿಲ್ಲ. ನಾನಂತೂ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಅದೇ ಬಗೆಯ ಡಬ್ಬಿಯಲ್ಲಿ ಇಲಿ ಪಾಷಾಣ ಇಡುವವನಲ್ಲ. ಅದರ ಜೊತೆಗೆ, 600 ಗಜಕ್ಕೆ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ.

ವಿರಾಜಪೇಟೆಯಿಂದ:

ನಾನು ಅಮೆರಿಕ ಕಂಡವನಲ್ಲ, ಓದಿ ಸಂತೋಷಪಟ್ಟೆ. ನಮ್ಮಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಕೋವಿಗೆ ಪರವಾನಗಿ ಬೇಡ ಎಂಬ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿದರು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೋವಿ ಇದೆ, ಬೇಟೆ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮರಸು ಕೂರುವುದು (ಬೇಟೆಗೆ ಅಡಗಿ ಕಾಯುವುದು), ಹಳು ನುಗ್ಗುವುದು (ಪೊದೆ ನುಗ್ಗಿ ಪ್ರಾಣಿ ಎಬ್ಬಿಸುವುದು) ಎಲ್ಲ ಮುದುಕರ ಬಾಯಲ್ಲಿ ಮಾತ್ರ. ಹಾಗಾಗಿ ಕೈಲ್‌ಪೊಳ್ದ್ (ನಮ್ಮ ಆಯುಧ ಪೂಜೆಯ ಹಬ್ಬ) ದಿನ ಕೋವಿಗೆ ತೋಕುಹೂ ಮುಡಿಸಿ, ಪೂಜೆ ಮಾಡಿ, ತೆಂಗಿನಕಾಯಿಗೆ ಈಡು ಹೊಡೆಯುತ್ತೇವೆ.

ಅಲ್ಲಿ ಕಂಡ ಒಂದು ಮಾತು ಹೇಳುತ್ತೇನೆ. ನಮ್ಮ ಪಂದ್ಯಗಳಲ್ಲಿ ಗೆಲ್ಲುವ ಹುಡುಗ ಹುಡುಗಿಯರು ವರ್ಷವಿಡೀ ಕೈ ತಿದ್ದಿಕೊಳ್ಳುವುದು .22ರಲ್ಲಿ. ನಿಮ್ಮಲ್ಲಿ .22 ರಿಮ್‌ಫೈರ್ ತೋಟಾ ಎಲ್ಲಕ್ಕಿಂತ ಅಗ್ಗ ಎಂದು ಕೇಳಿದ್ದೇನೆ. 40 ಗ್ರೇನಿನ ಗುಂಡು ಮೆಲ್ಲಗೆ ಹೋಗುತ್ತದೆ, ಗಾಳಿ ಬೀಸಿದ ಕಡೆಗೆ ವಾಲುತ್ತದೆ. ಅದನ್ನು 100 ಗಜಕ್ಕೆ ಗಾಳಿಯಲ್ಲಿ ಹೊಡೆದು ಕಲಿತವನಿಗೆ ನಿಮ್ಮ 300 ಗಜದ ಗಾಳಿ ಹೊಸದಲ್ಲ. ಮನೆಯಲ್ಲಿ ಎರಡನೆಯದಕ್ಕೆ ಒಪ್ಪಿಗೆ ಇಲ್ಲ ಎಂದಿರಿ. .22ನ್ನು ಕೋವಿಯ ಲೆಕ್ಕಕ್ಕೆ ಹಿಡಿಯಬಾರದು ಎಂದು ವಾದಿಸಿ ನೋಡಿ. ನಾನು ಹಾಗೆ ವಾದಿಸಿಯೇ ಗೆದ್ದೆ.

ಡಲ್ಲಸ್ ಹುಡುಗ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಎಚ್-1ಬಿ ವೀಸಾದಲ್ಲಿ ಇದ್ದೇನೆ. ಗೆಳೆಯರು ವಾರಾಂತ್ಯದಲ್ಲಿ ರೇಂಜಿಗೆ ಕರೆಯುತ್ತಾರೆ. "ಕೊಳ್ಳುವುದಿಲ್ಲವಲ್ಲ, ಬಾಡಿಗೆಗೆ ತೆಗೆದುಕೊಂಡು ಹೊಡೆದರೆ ಏನೂ ಆಗುವುದಿಲ್ಲ" ಎನ್ನುತ್ತಾರೆ. ನಿಜವೇ?

ಪೆನ್ಸಿಲ್ವೇನಿಯದ ಪಾಪಣ್ಣ:

ನಿಜವಲ್ಲ, ತಮ್ಮಾ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ವಲಸೆಯೇತರ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಕೇಂದ್ರದ ಕಾನೂನಿನಲ್ಲಿ ಅಪರಾಧ. ಕೈಯಲ್ಲಿ ಹಿಡಿದರೂ ಹೊಂದಿದಂತೆಯೇ, ಬಾಡಿಗೆಯದಾದರೂ ಅಷ್ಟೇ. ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ. ತಮಾಷೆ ನೋಡಿ: ಟೆಕ್ಸಾಸಿನಲ್ಲಿ ಹಂದಿ ಹೊಡೆಯಲು ಆ ಪರವಾನಗಿ ಯಾರಿಗೂ ಬೇಡ, ಆದರೆ ನೀವು ಕೋವಿ ಮುಟ್ಟಲು ಅದೇ ಬೇಕು. ಅದನ್ನು ಮಾಡಿಸಿಕೊಂಡು, ನಿಮ್ಮ ವಲಸೆ ವಕೀಲರನ್ನೂ ಒಂದು ಮಾತು ಕೇಳಿ, ಆಮೇಲೆ ಹೋಗಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ವರ್ಷ ನಿಂತದ್ದನ್ನು ಒಂದು ಭಾನುವಾರಕ್ಕೆ ಕಳೆದುಕೊಳ್ಳಬೇಡಿ.

ಮಲ್ಲಂದೂರಿನವ:

ನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಕೇಳಿ ಓಡಿಹೋದ ಎಂದು ಬೈದುಕೊಂಡಿರಬೇಡಿ.

.223 ವೈಲ್ಡ್ ಮಾಡಿಸಿದೆ. 20 ಇಂಚು, 1:8. ಡಾಕ್ಟರ್ ಅವರ ಕ್ಷಮೆ ಕೇಳುತ್ತೇನೆ. ಪವನಿನ ಲೆಕ್ಕ ಮನಸ್ಸಿಗೆ ಹಿಡಿಸಿತು, ಜೇಬಿಗೆ ಹಿಡಿಸಲಿಲ್ಲ. .22ರ ವಾದ ನಮ್ಮ ಮನೆಯಲ್ಲಿ ನಡೆಯಲಿಲ್ಲ. "ಕೋವಿಯಲ್ಲದಿದ್ದರೆ ಅದನ್ನು ಕೋವಿಯ ಬೀರುವಿನಲ್ಲಿ ಯಾಕೆ ಇಡುತ್ತೀರಿ?" ಎಂದು ಹೆಂಡತಿ ಕೇಳಿದಳು. ವಿರಾಜಪೇಟೆಯವರ ಹತ್ತಿರ ಇದಕ್ಕೆ ಉತ್ತರವಿದ್ದರೆ ತಿಳಿಸಿ.

ಪಂದ್ಯ: 600 ಗಜದಲ್ಲಿ ಹತ್ತು ಅಂಕದ ಉಂಗುರ 12 ಇಂಚು. 77 ಗ್ರೇನಿನಲ್ಲಿ ಇಪ್ಪತ್ತು ಗುಂಡು ಹೊಡೆದೆ. ಮೊದಲ ಐದು ಎಡಕ್ಕೆ ಕಾಗದದ ಅಂಚಿಗೆ ಹೋದವು. ಪಕ್ಕದಲ್ಲಿ ಮಲಗಿದ್ದ ಎಪ್ಪತ್ತು ದಾಟಿದ ಅಜ್ಜಿ ತನ್ನ ಗುರಿಯಿಂದ ಕಣ್ಣು ತೆಗೆಯದೆ "ಹುಲ್ಲು ನೋಡು, ಬಾವುಟ ನೋಡಬೇಡ" ಎಂದಳು. ಹುಲ್ಲು ನೋಡಿ ಹೊಡೆದ ಹದಿನೈದರಲ್ಲಿ ನಾಲ್ಕು ಹತ್ತರೊಳಗೆ ಬಿದ್ದವು. ಆಕೆ ಹೊಡೆದದ್ದೂ .223ರಲ್ಲೇ, 80 ಗ್ರೇನಿನದು. ಅದು ಮ್ಯಾಗಜೀನಿಗೆ ಹಿಡಿಸದ ಉದ್ದ. ಒಂದೊಂದನ್ನೇ ಕೈಯಲ್ಲಿ ಹಾಕಿ, ಮಾಲೆ ಕಟ್ಟುವವಳ ಹಾಗೆ ನಿಧಾನವಾಗಿ ಹೊಡೆಯುತ್ತಿದ್ದಳು. ಆಕೆಯ ಅಂಕ ಇಲ್ಲಿ ಬರೆದರೆ ನನ್ನದು ಇನ್ನೂ ಸಣ್ಣದಾಗಿ ಕಾಣುತ್ತದೆ.

ಹಂದಿ: ಜಿಂಕೆಗೆ ಜೋಳ ಎರಚುವ ಯಂತ್ರ ಬೆಳಿಗ್ಗೆ ಆರೂವರೆಗೆ ಗಿರ್ರೆಂದು ತಿರುಗುತ್ತದೆ. ಆ ಸದ್ದಿಗೆ ಏಳು ಬಂದವು. 62 ಗ್ರೇನಿನ ಬೆಸೆದ ಗುಂಡು ಇತ್ತು. ಹಿಂದಿನ ರಾತ್ರಿ ಮ್ಯಾಗಜೀನ್ ಬಿಚ್ಚಿ ಮೂರು ಸಲ ನೋಡಿಕೊಂಡಿದ್ದೆ, ಹಳೇ ಲೇತ್ ಅವರ ಪಾಪಾಸುಕಳ್ಳಿ ಕಣ್ಣಮುಂದೆ ಇತ್ತು. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ನಡುಕ ನಿಲ್ಲಲಿ ಎಂದು ಕಾಯುತ್ತ ಕುಳಿತೆ, ಅಷ್ಟರಲ್ಲಿ ಮೂರು ಹೊರಟೇ ಹೋದವು. ತೊಂಬತ್ತು ಗಜ. ಹೆಣ್ಣು ಹಂದಿ, ಅಡ್ಡ ನಿಂತಿತ್ತು. ಮುಂಗಾಲಿನ ಗೆರೆ ಹಿಡಿದು ಮೇಲೆ ಬಂದು ಕೆಳಗಿನ ಮೂರನೆಯ ಒಂದು ಭಾಗಕ್ಕೆ ಇಟ್ಟೆ. ನಾಲ್ಕು ಹೆಜ್ಜೆ ನಡೆದು ಕುಸಿಯಿತು. ಆ ಕಡೆಯ ಪಕ್ಕೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತಿತ್ತು. ಎರಡನೆಯ ಈಡು ಬೇಕಾಗಲಿಲ್ಲ. ಮ್ಯಾಗಜೀನಿನಲ್ಲಿ ಉಳಿದ ಒಂಬತ್ತು ಉಳಿದೇ ಇವೆ. ಜಿಂಕೆ ಇನ್ನೂ ಸಿಕ್ಕಿಲ್ಲ.

ಕೈಗವಸು ಹಾಕಿಕೊಂಡೇ ಕೊಯ್ದೆವು, ಡಾಕ್ಟರೇ. ಮುದುಕರು ನಕ್ಕರು, ಆಮೇಲೆ ತಾವೂ ಒಂದು ಜೊತೆ ಕೇಳಿ ಹಾಕಿಕೊಂಡರು.

ಅಪ್ಪನಿಗೆ ಚಿತ್ರ ಕಳಿಸಿದೆ. ಪೆನ್ಸಿಲ್ ಮೊನೆಯ ಮಾತು ಅವರು ಮತ್ತೆ ಎತ್ತಲಿಲ್ಲ. ಬಹಳ ಹೊತ್ತು ನೋಡಿದರೇನೋ, ಅರ್ಧ ಗಂಟೆ ಬಿಟ್ಟು ಉತ್ತರ ಬಂತು: "ಎಷ್ಟು ಪಾಲು ಹಾಕಿದಿರಿ? ಹೊಲದವರಿಗೆ ತೊಡೆ ಕೊಟ್ಟಿರಾ?"

ಕೊಟ್ಟಿದ್ದೆವು.